ಹೊಳೆಯಮ್ಮನ ಕಿವಿಗಳು

ಹೊಳೆಯಮ್ಮ ಸಮುದ್ರರಾಜನ ಮನೆಗೆ ಮದುವಣಗಿತ್ತಿಯಾಗಿ ಹೊರಟಾಗ ಅವಳಿಗೆ ಒಂದೇ ಭಯವಿತ್ತಂತೆ. ಅಷ್ಟು ದೊಡ್ಡ ಮನೆಯ ಗದ್ದಲದಲ್ಲಿ ತವರಿನವರು ಕರೆದರೆ ಕೇಳಿಸುವುದೋ ಇಲ್ಲವೋ! ಅದಕ್ಕೇ ಅವಳು ತನ್ನ ಕಿವಿಗಳನ್ನು ಬಿಚ್ಚಿ ಹೊನ್ನೆಕುದ್ರಿನ ಬುಡದಲ್ಲಿ ಇಟ್ಟು ಹೋದಳು. ಆ ಕಿವಿಗಳೇ ಚಿಪ್ಪುಗಳಾದವು. ಕುದ್ರಿನ ಹೆಂಗಸರು ನೀರಿಳಿದ ಹೊತ್ತಿನಲ್ಲಿ ಹೊಳೆಗಿಳಿದು, ಎರಡು ಹಳೇ ಚಿಪ್ಪುಗಳನ್ನು ನೀರಿನೊಳಗೇ ತಟ್ಟಿ ಕರೆದರೆ ಹೊಸ ಚಿಪ್ಪುಗಳು ಬಂದು ಕೂರುವುದು ಅದಕ್ಕೇ.

ಗುಲಾಬಿ ಅಜ್ಜಿ ಈ ಕಥೆಯನ್ನು ಮೊಮ್ಮಗಳು ಸುಗಂಧಿಗೆ ಹೇಳುತ್ತಿದ್ದುದು ಗಂಜಿ ಉಣಿಸುವಾಗ. ಅಪ್ಪ ಅಮ್ಮ ಇಬ್ಬರನ್ನೂ ಒಂದೇ ದೋಣಿಯಲ್ಲಿ ಕಳೆದುಕೊಂಡ ಹುಡುಗಿಗೆ ಅಜ್ಜಿಯೇ ಮನೆ, ಅಜ್ಜಿಯೇ ಊರು. "ಸುಮ್ನೆ ಕರದ್ರ್ ಆತಿಲ್ಲ ಮಗಾ, ಕರದ್ ಮೇಲೆ ಕೂಕಂಬುಕೆ ಜಾಗ ಕೊಡ್ಕ್" ಎನ್ನುತ್ತ ಅಜ್ಜಿ ತಿಂದು ಮುಗಿಸಿದ ಚಿಪ್ಪುಗಳನ್ನು ಒಂದೂ ಬಿಡದೆ ಹೊಳೆಗೇ ಹಿಂತಿರುಗಿಸುತ್ತಿದ್ದಳು. ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನವರು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ.

ನದಿ ಸಮುದ್ರ ಸೇರುವಲ್ಲಿ ಹೊಳೆಯ ನಡುವೆ ಎದ್ದ ನೆಲಕ್ಕೆ ಆ ಕಡೆ ಕುದ್ರು ಎನ್ನುತ್ತಾರೆ. ಸಮುದ್ರ ಏರತೊಡಗಿದ ಆ ವರ್ಷಗಳಲ್ಲಿ ಕುದ್ರುಗಳೆಲ್ಲ ನೀರಿಗೆ ಬಿದ್ದ ಬೆಲ್ಲದಂತೆ ಕರಗುತ್ತಿದ್ದವು. ಹೊನ್ನೆಕುದ್ರು ಮಾತ್ರ ಅಂಚು ಬಿಟ್ಟುಕೊಟ್ಟಿರಲಿಲ್ಲ. ಯಾಕೆಂದು ನೋಡಲು, ಕುದ್ರುಗಳನ್ನು ಉಳಿಸಲೆಂದು ಹಣ ಕೊಡುವ ದ್ವೀಪನಿಧಿ ಎಂಬ ಸಂಸ್ಥೆಯ ವಿಜ್ಞಾನಿ ಇಂದುಮತಿ ಮೇಡಂ ದೋಣಿ ಹತ್ತಿ ಬಂದರು. ಅಜ್ಜಿಯ ಜಗಲಿಯಲ್ಲಿ ಕುಳಿತು ಚಿಪ್ಪಿನ ಸುಕ್ಕ ಉಂಡರು. ಕಥೆ ಕೇಳಿ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, ಕೈ ತೊಳೆಯುವುದನ್ನೂ ಮರೆತು ಹೊಳೆಯ ಕಡೆ ನೋಡುತ್ತ ಕುಳಿತುಬಿಟ್ಟರು.

ಈ ಮುದುಕಿಯ ಕಥೆ ನಿಜವಾಗಿದ್ದರೆ?

ಅದು ನಿಜವೇ ಆಗಿತ್ತು, ಅರ್ಧದಷ್ಟು. ಚಿಪ್ಪಿನ ಮರಿಗಳು ಹುಟ್ಟುವಾಗ ಧೂಳಿಗಿಂತ ಸಣ್ಣವು. ಕೆಲವು ದಿನ ನೀರಿನಲ್ಲಿ ತೇಲಾಡಿ, ಆಮೇಲೆ ಗಟ್ಟಿಯಾದ ಒಂದು ಜಾಗ ಹಿಡಿದು ಕೂರುತ್ತವೆ. ಒಮ್ಮೆ ಕೂತರೆ ಸಾಯುವವರೆಗೂ ಅಲ್ಲೇ. ಹಾಗೆ ಒಂದರ ಮೇಲೊಂದು ಕೂತ ಚಿಪ್ಪುಗಳೇ ಹೊನ್ನೆಕುದ್ರಿನ ಅಂಚನ್ನು ಹಿಡಿದಿಟ್ಟಿದ್ದವು. ಎಲ್ಲಿ ಕೂರಬೇಕೆಂದು ಅವು ಸದ್ದು ಕೇಳಿ ತೀರ್ಮಾನಿಸುತ್ತವೆ. ತಮ್ಮ ಜಾತಿಯವರು ಕಟಕಟ ಎನ್ನುತ್ತಿರುವ ಕಡೆಗೆ ಇಳಿಯುತ್ತವೆ. ಮೇಡಂ ಅಜ್ಜಿಯ ತಟ್ಟನ್ನು ನೀರಿನೊಳಗೇ ಧ್ವನಿಮುದ್ರಿಸಿಕೊಂಡರು. ಆ ತಟ್ಟಿಗೆ ಎಲ್ಲಕ್ಕಿಂತ ಮೊದಲು ಓಡಿಬಂದ, ಎಲ್ಲಕ್ಕಿಂತ ಬೇಗ ದಪ್ಪವಾದ ಚಿಪ್ಪುಗಳನ್ನೇ ಆರಿಸಿ, ಅವುಗಳ ಮರಿಗಳಲ್ಲಿ ಮತ್ತೆ ಆರಿಸಿ, ತಲೆಮಾರಿನ ಮೇಲೆ ತಲೆಮಾರು ಬೆಳೆಸಿದರು. ಕೊನೆಗೆ ಅಜ್ಜಿಯ ತಟ್ಟೊಂದನ್ನೇ ಬಲ್ಲ, ಒಂದು ಬೇಸಿಗೆಯಲ್ಲಿ ಗೋಡೆಯಾಗಿ ಏಳಬಲ್ಲ ಹೊಸ ತಳಿ ಸಿದ್ಧವಾಯಿತು. ಅವನ್ನು ಕರೆಯಲು ನೀರಿನೊಳಗೆ ಒಂದು ಯಂತ್ರ ಇಳಿಬಿಟ್ಟರು. ಅದಕ್ಕೆ ಕರೆಗಂಟೆ ಎಂದು ಹೆಸರು.

ಅಜ್ಜಿಯ ಬಲಗೈಯ ಹೆಬ್ಬೆರಳು ಎಂದೋ ಮೀನಿನ ಮುಳ್ಳು ನೆಟ್ಟು ಸೆಟೆದುಹೋಗಿತ್ತು. ಹಾಗಾಗಿ ಅವಳ ತಟ್ಟಿಗೆ ಒಂದು ಕುಂಟು. ಟಕ್ ಟಕ್ ಟಕ್, ತುಸು ತಡೆದು, ಟಕ್. ಆ ಕುಂಟೂ ಗಂಟೆಯೊಳಗೆ ಹಾಗೇ ಉಳಿಯಿತು.

ಗೋಡೆ ಎದ್ದಿತು. ಅದರ ಹಿಂದೆಯೇ ನಿಧಿಯ ಹಣ ಬಂತು, ಶಾಲೆಗೆ ಹೊಸ ಹೆಂಚಿನ ಮಾಡು ಬಂತು, ಜಲಜಾಕ್ಷಿ ಟೀಚರ್ ಬಂದರು. ನಿಧಿಯ ನಿಯಮ ಸರಳ: ಗೋಡೆ ಬೆಳೆಯುತ್ತಿದ್ದರೆ ಹಣ, ಹಣವಿದ್ದರೆ ಶಾಲೆ, ಶಾಲೆಯಿರುವಷ್ಟು ಕಾಲ ಅದು ಮನುಷ್ಯರಿರಲು ಯೋಗ್ಯವಾದ ನೆಲ. ಇಲ್ಲದಿದ್ದರೆ ಎಲ್ಲರೂ ದಡಕ್ಕೆ. ಶಾಲೆಯ ಮಕ್ಕಳಿಗೆ ಮಗ್ಗಿಯಷ್ಟೇ ಮುಖ್ಯವಾದ ಇನ್ನೊಂದು ಪಾಠವಿತ್ತು. ಹಗ್ಗಕ್ಕೆ ಕಟ್ಟಿದ ಹಳೇ ಹೆಂಚುಗಳನ್ನು ಹೊಳೆಗೆ ಇಳಿಬಿಡುವುದು, ಎತ್ತಿ ನೋಡುವುದು, ಹೆಂಚಿನ ಮೇಲೆ ಎಷ್ಟು ಮರಿ ಕೂತಿವೆ ಎಂದು ಹೇಳುವುದು. ಮರಿ ತುಂಬಿದ ಹೆಂಚನ್ನು ಗೋಡೆಗೆ ಸೇರಿಸುವ ದಿನ ಪಾಯಸ.

ಆ ಶಾಲೆಯಿಂದ ನಿಧಿಯ ಖರ್ಚಿನಲ್ಲಿ ದಡಕ್ಕೆ ಹೋಗಿ ಓದಿದ ಮೊದಲ ಹುಡುಗಿ ಸುಗಂಧಿ. ಈಗ ಅವಳು ಪೇಟೆಯ 'ಕರೆಮನೆ'ಯಲ್ಲಿ, ಹೊಳೆಯ ಗಂಟೆಗಳನ್ನೆಲ್ಲ ನಡೆಸುವ ಕೋಣೆಯಲ್ಲಿ, ಇಂದುಮತಿ ಮೇಡಮ್ಮಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಅಜ್ಜಿ ತೀರಿಕೊಂಡಾಗ ಅವಳ ತಲೆ ನೇವರಿಸಿದ್ದು, ಮೂರು ದಿನ ತಮ್ಮ ಮನೆಯಲ್ಲಿ ಮಲಗಿಸಿಕೊಂಡದ್ದು ಮೇಡಮ್ಮೇ.

*

"ಕೂ... ಓ ಶೀನಮಾವಾ... ಕೂ..."

ದಡದಲ್ಲಿ, ದೋಣಿ ಹತ್ತುವ ಕಡವಿನಲ್ಲಿ ನಿಂತು ಸುಗಂಧಿ ಕೂಗಿದಳು. ಹೊನ್ನೆಕುದ್ರಿಗೆ ಸೇತುವೆಯಿಲ್ಲ. ಯಾರೇ ಕಡವಿನಲ್ಲಿ ನಿಂತು ಕೂ ಹಾಕಲಿ, ದೋಣಿ ಬರಲೇಬೇಕು. ಜಗಳವಾಡಿ ಹೋದವರಿಗೂ ಬರಬೇಕು. ಉಣ್ಣುತ್ತಿದ್ದರೆ ಕೈತೊಳೆದು ಬರಬೇಕು. ಅದು ಆ ಊರಿನ ನಡಾವಳಿ.

ದೋಣಿ ಬಂತು. ಹುಟ್ಟು ಹಾಕುತ್ತಿದ್ದ ಶೀನಮಾವ ದೂರದಿಂದಲೇ ಶುರುಮಾಡಿದ. "ಹ್ವಾಯ್, ಕರೆಮನಿ ರಾಣಿ ಬಂದ್ಳ್ ಕಾಣಿ! ಎಂತ ಹೆಣ್ಣೆ, ಪ್ಯಾಟಿ ನೆಳ್ಳಲ್ಲಿ ಕೂಕಂಡ್ ಬೆಳ್ಳಗ್ ಆಯ್ದೆ!"

"ನೀವ್ ಮಾತ್ರ ಹಾಂಗೇ ಇದ್ರಿ ಮಾವ, ಮಸಿ ಹಿಡ್ದ ಚಿಮಣಿ ಹಾಂಗೆ."

"ಹ್ಹಹ್ಹ! ಗುಲಾಬಕ್ಕನ ನಾಲ್ಗಿ ಅವ್ಳ್ ಒಟ್ಟಿಗೇ ಸುಟ್ಟ್ ಹೋಯ್ತ್ ಅಂದ್ಕಂಡಿದ್ದೆ. ಇಲ್ಲೇ ಇತ್ತ್."

ನಗುತ್ತಲೇ ದಾಟಿದರು. ಆದರೆ ಶಾಲೆಯ ಮುಂದೆ ಯಾರೂ ನಗುತ್ತಿರಲಿಲ್ಲ. ಜಲಜಾಕ್ಷಿ ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಕ್ಕಳ ಜೊತೆ ನೀರಂಚಿನಲ್ಲಿ ನಿಂತಿದ್ದರು. ಮಕ್ಕಳು ಹಗ್ಗ ಎಳೆದರು. ಹೆಂಚು ಮೇಲೆ ಬಂತು, ಕೆಂಪಗೆ, ನುಣ್ಣಗೆ, ನಿನ್ನೆ ತಾನೇ ಸುಟ್ಟು ತೆಗೆದಂತೆ.

"ಇದ್ರಲ್ಲೂ ಇಲ್ಲೆ ಅಕ್ಕ" ಎಂದಳು ಚಾರ್ವಿ ಎಂಬ ಪುಟ್ಟ ಹುಡುಗಿ. "ನಾವ್ ಎಂತ ತಪ್ಪ್ ಮಾಡಿತ್?"

"ನೀವ್ ಎಂತದೂ ಮಾಡ್ಲಿಲ್ಲ ಮಗಾ."

"ಮತ್ತೆಂತಕ್ಕೆ ಬತ್ತಿಲ್ಲ ಅವು?"

ಟೀಚರ್ ಅವಳನ್ನು ಬದಿಗೆ ಕರೆದರು. "ಪಡುಬದಿ ಗೋಡಿ ಪೊಳ್ಳ್ ಆಯ್ದ್ ಸುಗಂಧಿ. ಹಳಿ ಚಿಪ್ಪ್ ಸಾಯ್ತಾ ಇತ್ತ್, ಹೊಸತ್ ಕೂಕಂತಿಲ್ಲ. ಮಳಿಗಾಲದ್ ಮುಂಚೆ ನಿಧಿಯವ್ರ್ ಅಳತಿಗ್ ಬತ್ರ್. ಈ ಸಲ ಗೋಡಿ ಬೆಳೀದಿದ್ರೆ ಶಾಲಿ ಬಾಗ್ಲ್ ಹಾಕುದೇ. ಆಮೇಲ್ ನಮ್ಮನ್ನೆಲ್ಲ ಎಲ್ಲ್ ಕೊಂಡ್ ಹೋಯ್ ಹಾಕ್ತ್ರೋ."

"ಗಂಟಿ ಸರಿಯಾಗೇ ಇತ್ತ್ ಟೀಚರ್. ನಾನೇ ದಿನಾ ನೋಡ್ತೆ."

"ನೀ ಇಪ್ಪು ಕಾರಣಕ್ಕೇ ನಾವ್ ಎಲ್ಲ ಧೈರ್ಯದಲ್ಲಿಪ್ಪುದ್" ಎಂದು ಟೀಚರ್ ಅವಳ ಕೈ ಒತ್ತಿದರು. "ಹೋದ್ ವರ್ಷ ಕಿರುಕುದ್ರಿಗೆ ತಾಯಿಚಿಪ್ಪ್ ಬೇಕ್ ಅಂತ ನಿಮ್ ಮೇಡಂ ಕೇಂಡಾಗ್ಲೂ ಹಾಂಗೆ. ನಮ್ ಸುಗಂಧಿ ಅಲ್ಲಿತ್ತಲೆ ಅಂದೇಳಿ ದೋಣಿ ತುಂಬ ಕೊಟ್ಟಿತ್."

ಕೊಟ್ಟಿದ್ದರು, ನಿಜ. ಪಕ್ಕದವರ ಗದ್ದೆಯ ಸಸಿ ನೆರೆಗೆ ಕೊಚ್ಚಿಹೋದರೆ ತಮ್ಮ ಸಸಿಮಡಿಯಿಂದ ಕಿತ್ತು ಕೊಡುವುದು ಆ ಊರಿನ ರೂಢಿ. ಕೊಟ್ಟ ಮೇಲೆ, ಎಲ್ಲಿ ನೆಟ್ಟಿರಿ, ಹೇಗೆ ಬಂತು ಎಂದು ಕೇಳಬಾರದು. ಕೇಳಿದರೆ ಕೊಟ್ಟದ್ದನ್ನು ಆಡಿ ತೋರಿಸಿದಂತೆ. ಮರಿ ಹಾಕುವ ಆ ತಾಯಿಚಿಪ್ಪುಗಳನ್ನೂ ಅವರು ಸಸಿಯಂತೆಯೇ ಕೊಟ್ಟರು. ಎಲ್ಲಿ ಇಳಿಸಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಹೊಳೆಯ ಮೇಲ್ಬದಿಯಲ್ಲಿ ದೂರದಲ್ಲಿದ್ದ, ಹೊನ್ನೆಕುದ್ರಿನವರಿಗೆ ಹೋಗಿಬರುವ ಬಳಕೆಯಿಲ್ಲದ ಕಿರುಕುದ್ರಿಗೆಂದು ಹೊಸ ಗಂಟೆಯನ್ನು, ಹೊನ್ನೆಕುದ್ರಿನ ಹನ್ನೆರಡರ ಮೇಲೆ ಹದಿಮೂರನೆಯದನ್ನು, ಹದಗೊಳಿಸಿ ಹಚ್ಚಿದ್ದು ಸುಗಂಧಿ. "ಅಲ್ಲಿಯ ಮಕ್ಕಳಿಗೂ ಒಂದು ಗೋಡೆ ಬೇಡವೇನೇ?" ಎಂದಿದ್ದರು ಮೇಡಂ. ಅಜ್ಜಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳು ಎಂದುಕೊಳ್ಳುತ್ತ ಸುಗಂಧಿ ಗುಂಡಿ ಒತ್ತಿದ್ದಳು.

*

ಹಿಂತಿರುಗುವಾಗ ಹೊಳೆಯ ನಡುವೆ ಅವಳು ಶೀನಮಾವನ ಕೈಯಿಂದ ಹುಟ್ಟು ತೆಗೆದುಕೊಂಡಳು. ಇದು ಅವಳದ್ದೇ ಒಂದು ಗುಟ್ಟಿನ ಆಸೆ. ಹುಟ್ಟಿನ ಹಲಗೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ನೀರಿನೊಳಗಿನ ಸದ್ದೆಲ್ಲ ಮರದ ಮೂಲಕ ಏರಿ ಬರುತ್ತದೆ. ಮೀನಿನ ಹಿಂಡು ಎಲ್ಲಿದೆ ಎಂದು ತಿಳಿಯಲು ಹಿರಿಯರು ಹೀಗೆ ಮಾಡುತ್ತಿದ್ದರು. ಸುಗಂಧಿ ಕೇಳುತ್ತಿದ್ದುದು ಅಜ್ಜಿಯನ್ನು. ಸತ್ತುಹೋದ ಕೈಗಳು ನೀರಿನಡಿಯಲ್ಲಿ ಇನ್ನೂ ತಟ್ಟುತ್ತಿವೆಯಲ್ಲ!

ಟಕ್ ಟಕ್ ಟಕ್. ಟಕ್.

ಬಂತು. ಕುದ್ರಿನ ಕಡೆಯಿಂದ, ಮೆಲ್ಲಗೆ. ಅವಳ ಕಣ್ಣು ತುಂಬಿತು. ಹುಟ್ಟಿನ ಹಲಗೆಯನ್ನು ಸುಮ್ಮನೆ ಹೊರಳಿಸಿದಳು.

ಟಕ್ ಟಕ್ ಟಕ್. ಟಕ್.

ಈ ಸಲ ಸದ್ದು ದೊಡ್ಡದಾಗಿತ್ತು. ಕೆನ್ನೆಯ ಮೂಳೆ ನಡುಗುವಷ್ಟು ದೊಡ್ಡದು. ಹಲಗೆಯ ಮುಖ ಪಡುವಣಕ್ಕಿತ್ತು. ಕಿರುಕುದ್ರು ಇರುವುದು ಮೂಡಣಕ್ಕೆ, ಹೊಳೆಯ ಮೇಲ್ಬದಿಗೆ. ಅವಳು ಮೂಡಣಕ್ಕೆ ತಿರುಗಿಸಿ ಕಾದಳು. ಆ ಕಡೆ ಬರೀ ನೀರು ಹರಿಯುವ ಜುಳುಜುಳು. ಮತ್ತೆ ಪಡುವಣಕ್ಕೆ ತಿರುಗಿಸಿದಳು. ಅಜ್ಜಿ ಅಲ್ಲಿದ್ದಳು. ಅದೇ ಸೆಟೆದ ಹೆಬ್ಬೆರಳು, ಅದೇ ಕುಂಟು. ಅವಳು ಕರೆಯುತ್ತಿದ್ದುದು ಮಾತ್ರ ಹೊಸ ಬಂದರಿನ ಅಲೆತಡೆಯ ಬುಡದಿಂದ.

"ಎಂತ ಆಯ್ತ್ ಹೆಣ್ಣೆ? ಭೂತ ಕಂಡವ್ರ್ ಹಾಂಗ್ ಕೂಕಂಡ್ಯಲೆ!"

"ಎಂತ ಇಲ್ಲ ಮಾವ. ನಾ ನಾಳೆ ಮತ್ತೆ ಬತ್ತೆ."

"ಬಾ, ಕೂ ಹಾಕ್. ಹೊನ್ನೆಕುದ್ರಿನ ದೋಣಿ ಕೂ ಕೇಂಡ್ ಬರ್ದೆ ನಿಂತದ್ದ್ ಇತ್ತಾ?"

*

ಮರುದಿನ ಕರೆಮನೆಯ ಪರದೆಯಲ್ಲಿ ಹದಿಮೂರನೇ ಗಂಟೆಯ ಹಸಿರು ಚುಕ್ಕೆ ಕಿರುಕುದ್ರಿನ ಪಕ್ಕದಲ್ಲೇ ಮಿನುಗುತ್ತಿತ್ತು. ಇಡೀ ವರ್ಷ ಅದನ್ನು ನೋಡಿ ಸುಗಂಧಿ ಖುಷಿಪಟ್ಟಿದ್ದಳು. ಕಿಟಕಿಯಾಚೆ ನಿಜವಾದ ಹೊಳೆ ಹರಿಯುತ್ತಿತ್ತು. ಅದರ ಬಾಯಲ್ಲಿ ಬಂದರಿನ ಉದ್ದನೆಯ ಅಲೆತಡೆ, ಅದರ ಬುಡಕ್ಕೆ ಬಿಳಿಯ ಸೊಂಟಪಟ್ಟಿ ತೊಡಿಸಿದಂತೆ ಚಿಪ್ಪು. ಅದನ್ನೂ ದಿನಾ ನೋಡಿದ್ದಳು. ಸುಣ್ಣ ಬಳಿದಿದ್ದಾರೆ ಎಂದುಕೊಂಡಿದ್ದಳು.

"ಹದಿಮೂರನೇ ಗಂಟೆ ಎಲ್ಲಿದೆ ಮೇಡಂ?"

ಇಂದುಮತಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದರಿಂದ ಸುಗಂಧಿಗೆ ಇನ್ನೂ ಹೆಚ್ಚು ನೋವಾಯಿತು.

"ಕೂತ್ಕೋ."

"ಕೂರುವುದಿಲ್ಲ. ಎಲ್ಲಿದೆ?"

"ನಿನಗೆ ಗೊತ್ತಾಗಿದೆ, ಅದಕ್ಕೇ ಕೇಳ್ತಿದ್ದೀಯ. ಬಂದರಿನ ಅಲೆತಡೆ ಕುಸೀತಿತ್ತು ಸುಗಂಧಿ. ಅದು ಹೋದರೆ ಈ ಪೇಟೆ ಪೂರ್ತಿ ಹೋಗುತ್ತೆ. ಹೊಳೆ ಒಂದೇ, ಅದರಲ್ಲಿ ಹುಟ್ಟೋ ಮರಿಗಳೂ ಅಷ್ಟೇ. ಎರಡು ಕಡೆ ಗಂಟೆ ಬಾರಿಸಿದರೆ ಜೋರಾಗಿರೋ ಕಡೆಗೇ ಅವು ಹೋಗೋದು."

"ಹಾಗಾದರೆ ಕಿರುಕುದ್ರಿನ ಮಕ್ಕಳು?"

"ಕಿರುಕುದ್ರಿನವರನ್ನ ದಡಕ್ಕೆ ಸಾಗಿಸಿ ಎರಡು ವರ್ಷ ಆಯ್ತು."

ಇಲ್ಲದ ಮಕ್ಕಳಿಗಾಗಿ ಸುಗಂಧಿ ಗುಂಡಿ ಒತ್ತಿದ್ದಳು. ಇಲ್ಲದ ಮಕ್ಕಳಿಗಾಗಿ ಶೀನಮಾವ ಬೆನ್ನುನೋವಿನಲ್ಲೂ ದೋಣಿ ತುಂಬ ತಾಯಿಚಿಪ್ಪು ಹೊತ್ತುಕೊಟ್ಟಿದ್ದ.

"ನೀವು ನಮ್ಮ ಜಗಲಿಯಲ್ಲಿ ಕೂತು ಉಂಡಿದ್ದೀರಿ."

"ಉಂಡಿದ್ದೀನಿ. ಈಗಲೂ ಆ ರುಚಿ ನಾಲಿಗೆ ಮೇಲಿದೆ." ಮೇಡಂ ಕಿಟಕಿಯಾಚೆಯ ಅಲೆತಡೆಯ ಕಡೆ ಕೈ ತೋರಿಸಿದರು. "ನಿಧಿಗೆ ಹಣ ಯಾರು ಕೊಡ್ತಿದ್ದರು ಅಂದ್ಕೊಂಡೆ? ಮೊದಲ ದಿನದಿಂದ ಬಂದರಿನವರೇ. ನಿನ್ನ ಶಾಲೆಯ ಸೂರು, ನಿನ್ನ ಟೀಚರ್ ಸಂಬಳ, ನಿನ್ನ ಹಾಸ್ಟೆಲ್, ಎಲ್ಲ ಅವರದ್ದೇ. ಅವರಿಗೆ ಒಂದು ಸಸಿಮಡಿ ಬೇಕಿತ್ತು. ಹೊನ್ನೆಕುದ್ರು ಸಸಿಮಡಿ. ಗದ್ದೆ ಯಾವತ್ತೂ ಇದೇ ಆಗಿತ್ತು."

"ಮೊದಲ ದಿನದಿಂದ?"

"ಮೊದಲ ದಿನದಿಂದ."

"ಅಜ್ಜಿಗೆ ಗೊತ್ತಿತ್ತಾ?"

ಮೇಡಂ ತಲೆ ತಗ್ಗಿಸಿ, "ಮಕ್ಕಳಿಗೆಲ್ಲ ಹಾಸ್ಟೆಲ್ಲಿನಲ್ಲಿ ಸೀಟು ಇಡಿಸಿದ್ದೀನಿ. ಒಳ್ಳೆ ಶಾಲೆ. ನಿನ್ನ ಹಾಗೇ ಮುಂದೆ ಬರ್ತಾರೆ. ನಿನ್ನ ಅಜ್ಜಿ ಕೈ ಒಂದು ಪೇಟೇನೇ ಉಳಿಸ್ತಿದೆ. ಅದು ಸಣ್ಣ ವಿಷಯವಾ?" ಎಂದರು.

ನಿನ್ನ ಹಾಗೇ. ಈ ಎರಡು ಮಾತು ಸುಗಂಧಿಯ ಕಿವಿಯಲ್ಲೇ ನಿಂತುಬಿಟ್ಟವು. ಸಸಿಮಡಿಯಲ್ಲಿ ಬೆಳೆದದ್ದು ಚಿಪ್ಪು ಮಾತ್ರವಲ್ಲ. ತನ್ನನ್ನೂ ಬೇರು ಸಮೇತ ಕಿತ್ತು ತಂದು ಈ ಕುರ್ಚಿಯಲ್ಲಿ ನೆಟ್ಟಿದ್ದರು, ಕುದ್ರಿನವರು ಯಾವ ಪ್ರಶ್ನೆಯನ್ನೂ ಕೇಳದಿರಲೆಂದು. ನಮ್ಮ ಸುಗಂಧಿ ಅಲ್ಲಿದ್ದಾಳಲ್ಲ! ಪ್ರೀತಿಯೂ ಇದ್ದಿರಬಹುದು. ಪ್ರೀತಿಯಿಂದಲೇ ನೆಟ್ಟಿರಬಹುದು.

"ಬಂದರಿನ ಗಂಟೆಯನ್ನು ಈ ಒಂದು ಬೇಸಿಗೆ ತಗ್ಗಿಸಿ ಮೇಡಂ. ಮಳೆಗಾಲದವರೆಗೆ ಮಾತ್ರ. ಕೈ ಮುಗಿದು ಕೇಳುತ್ತೇನೆ."

"ಆಗಲ್ಲ ಮಗಳೇ."

ಮಗಳೇ ಎಂದರಲ್ಲ, ಆಗಲೇ ಸುಗಂಧಿ ನಿರ್ಧರಿಸಿದಳು.

ಬಂದರಿನ ಗಂಟೆಯೊಂದನ್ನೇ ತಗ್ಗಿಸಿದರೆ ಮೇಡಂ ಅರೆಗಳಿಗೆಯಲ್ಲಿ ಮತ್ತೆ ಏರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಎಲ್ಲ ಗಂಟೆಗಳಿಗೂ ಮೂಲ ಒಂದೇ, ಅಜ್ಜಿಯ ಕೈಯಿಂದ ಎತ್ತಿದ ಆ ಒಂದು ತಟ್ಟು. ಬೇರೆ ಬಂದರಿನವರು ಕದಿಯದಿರಲೆಂದು ಅದಕ್ಕೆ ನಕಲನ್ನೇ ಇಟ್ಟಿರಲಿಲ್ಲ. ಯಂತ್ರವೇ ಹುಟ್ಟಿಸಿದ ತಟ್ಟುಗಳನ್ನು ಪ್ರಯತ್ನಿಸಿ ನೋಡಿದ್ದರು. ಆ ಕುಂಟು ಕೂಡಿಬರದೆ ಮರಿಗಳು ತಿರುಗಿಯೂ ನೋಡಿರಲಿಲ್ಲ. ಮೂಲದ ಪೆಟ್ಟಿಗೆ ತೆರೆಯುವುದು ಇಬ್ಬರ ಬೆರಳಿಗೆ ಮಾತ್ರ, ಮೇಡಮ್ಮಿನದಕ್ಕೆ ಮತ್ತು ಅವಳದಕ್ಕೆ. ಅಷ್ಟು ನಂಬಿದ್ದರು ಅವಳನ್ನು.

ಮೇಡಂ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಸುಗಂಧಿ ಬೆರಳಿಟ್ಟು ಅಳಿಸಿದ್ದಳು. ಅಳಿಸುವ ಮುನ್ನ ಆ ತಟ್ಟನ್ನು ಒಮ್ಮೆ ಕೇಳಬೇಕೆಂಬ ಆಸೆಯಾಯಿತು. ಕೇಳಲಿಲ್ಲ. ಪರದೆಯ ಮೇಲೆ ಹಸಿರು ಚುಕ್ಕೆಗಳೆಲ್ಲ ಒಂದೊಂದಾಗಿ ಆರಿದವು, ಮೊದಲು ಬಂದರಿನದು, ಕೊನೆಗೆ ಹೊನ್ನೆಕುದ್ರಿನವು.

"ಏನ್ ಮಾಡ್ದೆ? ಸುಗಂಧಿ! ಏನ್ ಮಾಡ್ಬಿಟ್ಟೆ?" ಮೇಡಂ ಅವಳ ತೋಳು ಹಿಡಿದು ಅಲುಗಿಸಿದರು. "ನಿನ್ನನ್ನ ನಾನು ಮಗಳ ಹಾಗೆ..." ಮಾತು ಮುಗಿಯಲಿಲ್ಲ. ಅವರ ಮುಖ ನೋಡಿದರೆ, ಮೋಸಹೋದವರು ಅವರೇ ಎನ್ನುವಂತಿತ್ತು.

"ಅದು ನನ್ನ ಅಜ್ಜಿಯ ಕೈ ಮೇಡಂ. ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ."

*

ಅವಳು ಬಸ್ಸಿನಿಂದ ಇಳಿಯುವಾಗ ಜಲಜಾಕ್ಷಿ ಟೀಚರ್ ಫೋನು ಬಂತು. ಕರೆಮನೆಯವರು ಆಗಲೇ ಕುದ್ರಿಗೆ ಸುದ್ದಿ ಮುಟ್ಟಿಸಿದ್ದರು. ಒಂದು ಸುಳ್ಳೂ ಸೇರಿಸದೆ ಹೇಳಿದ್ದರು. ಸೇರಿಸುವ ಅಗತ್ಯವೇ ಇರಲಿಲ್ಲ.

"ಸುಗಂಧಿ, ಬಂದರಿನ ಗಂಟಿ ಹಚ್ಚಿದ್ದ್ ನೀನಾ?"

"ಹೌದ್ ಟೀಚರ್. ಆದ್ರೆ ನಂಗ್ ಗೊತ್ತಿರ್ಲಿಲ್ಲ..."

"ಇವತ್ತ್ ನಮ್ ಗಂಟಿ ನಿಲ್ಸಿದ್ದೂ ನೀನೇಯಾ?"

"ಹೌದ್. ಕೇಣಿ ಟೀಚರ್, ಇನ್ನ್ ಯಂತ್ರ ಇಲ್ಲ. ಇವತ್ತ್ ನೀರಿಳೂ ಹೊತ್ತಿಗೆ ಎಲ್ರನ್ನೂ ಹೊಳಿಗಿಳ್ಸಿ. ಮೊದ್ಲಿನ್ ಹಾಂಗೆ ಕೈಯಲ್ಲೇ ತಟ್ಟಿ. ಅಜ್ಜಿ ತಟ್ಟು ಕ್ರಮ ಎಲ್ರಿಗೂ ಗೊತ್ತಿತ್ತಲೆ, ಮೂರ್ ಸಲ, ತಡ್ದ್ ಒಂದ್ ಸಲ. ಬಂದರಿನ್ ಬದಿ ಈಗ ಸದ್ದಿಲ್ಲ, ಮರಿ ನಮ್ ಬದಿಗೇ ಬಪ್ಪುದ್..."

ಆ ಕಡೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಗೊತ್ತಿಲ್ದೆ ಗುಂಡಿ ಒತ್ತುಕಾ ನಾವ್ ನಿನ್ನ ಓದ್ಸಿದ್ದ್?" ಎಂದರು ಟೀಚರ್. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಫೋನು ಇಟ್ಟರು.

ಸುಗಂಧಿ ಕಡವಿಗೆ ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ನೀರು ಇಳಿಯತೊಡಗಿತ್ತು. ಆಚೆ ದಡದಲ್ಲಿ ಶೀನಮಾವನ ದೋಣಿ ಗೂಟಕ್ಕೆ ಕಟ್ಟಿದ್ದು ಕಾಣುತ್ತಿತ್ತು. ಪಕ್ಕದಲ್ಲಿ ಶೀನಮಾವ ಕುಕ್ಕರುಗಾಲಲ್ಲಿ ಕುಳಿತದ್ದೂ ಕಾಣುತ್ತಿತ್ತು.

"ಕೂ... ಓ ಶೀನಮಾವಾ..."

ಅವನು ತಲೆಯೆತ್ತಿದ. ಕೇಳಿಸಿದೆ ಎಂದು ಗೊತ್ತಾಯಿತು. ಎದ್ದು ನಿಂತ. ಸುಗಂಧಿ ಚಪ್ಪಲಿ ಕೈಗೆತ್ತಿಕೊಂಡು ದೋಣಿ ಹತ್ತಲು ಸಿದ್ಧಳಾದಳು. ಶೀನಮಾವ ಹೊಳೆಗೆ ಬೆನ್ನು ಮಾಡಿ, ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ತೆಂಗಿನ ಮರಗಳ ನಡುವೆ ನಡೆದುಹೋದ.

"ಕೂ..." ಎಂದಳು ಮತ್ತೆ. ಇನ್ನೊಮ್ಮೆ ಕೂಗಿದಳು. ಅಪ್ಪ ಅಮ್ಮ ಹೋದ ದಿನವೂ ಆ ದೋಣಿ ಕೂ ಕೇಳಿ ಬಂದಿತ್ತು.

ಸ್ವಲ್ಪ ಹೊತ್ತಿನಲ್ಲಿ ಕುದ್ರಿನ ಅಂಚಿಗೆ ಜನ ಬಂದರು. ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದರು. ಬಿಳಿ ಸೆರಗಿನವರು ಟೀಚರ್ ಇರಬೇಕು. ಅವರ ಸುತ್ತ ಮಕ್ಕಳು, ಅದರಲ್ಲಿ ಎಲ್ಲಕ್ಕಿಂತ ಪುಟ್ಟದು ಚಾರ್ವಿ. ಎಲ್ಲರೂ ಬಗ್ಗಿದರು. ಒಬ್ಬರೂ ಈ ಕಡೆ ನೋಡಲಿಲ್ಲ.

ಈ ದಡದಲ್ಲೂ ದೋಣಿ ಕಟ್ಟುವ ಒಂದು ಗೂಟವಿತ್ತು, ನೀರಿನೊಳಗೆ ಹುಗಿದ ಹಳೇ ಮರದ್ದು. ಸುಗಂಧಿ ಅದನ್ನು ತಬ್ಬಿ ಕಿವಿಯೊತ್ತಿದಳು. ಪಡುವಣದಲ್ಲಿ ಸದ್ದಿರಲಿಲ್ಲ. ಇಷ್ಟು ವರ್ಷ ಹೊಳೆಯಲ್ಲಿದ್ದ ಅಜ್ಜಿ ಈಗ ಎಲ್ಲೂ ಇರಲಿಲ್ಲ. ಆಮೇಲೆ, ಮೊದಲು ಒಂದು, ಮತ್ತೆ ಹತ್ತಾರು. ಟಕ್ ಟಕ್ ಟಕ್. ಟಕ್. ಒಬ್ಬರದು ಮುಂದೆ, ಒಬ್ಬರದು ಹಿಂದೆ, ಮಕ್ಕಳದು ಅವಸರ. ಅಜ್ಜಿಯ ಕುಂಟು ಯಾರಿಗೂ ಸರಿಯಾಗಿ ಒಲಿದಿರಲಿಲ್ಲ. ಆ ಒಂದೇ ಕುಂಟಿಗೆ ಒಗ್ಗಿದ ಮರಿಗಳು ಇಷ್ಟಕ್ಕೆ ಬರುತ್ತವೋ ಇಲ್ಲವೋ ಹೇಳಬಲ್ಲ ಯಂತ್ರ ಯಾವ ಕೋಣೆಯಲ್ಲೂ ಇರಲಿಲ್ಲ.

ಅವಳು ಮೊಣಕಾಲುದ್ದ ನೀರಿಗಿಳಿದು ಎರಡು ಚಿಪ್ಪು ಹುಡುಕಿ ತೆಗೆದಳು. ಬಲ ಹೆಬ್ಬೆರಳನ್ನು ಅಜ್ಜಿಯಂತೆ ಸೆಟೆಸಿ ಹಿಡಿದು ನೀರಿನೊಳಗೆ ತಟ್ಟಿದಳು. ಆ ಕಡೆಯವರೂ ತಟ್ಟುತ್ತಿದ್ದರು. ನೀರು ಅವಳ ಸದ್ದನ್ನು ಅವರಿಗೆ, ಅವರ ಸದ್ದನ್ನು ಅವಳ ಕಾಲಿಗೆ ಮುಟ್ಟಿಸುತ್ತಿತ್ತು. ಕತ್ತಲಾಗುವವರೆಗೂ ಅವರು ಕರೆದರು, ಚಿಪ್ಪುಗಳನ್ನು.

ದೋಣಿ ಬರಲಿಲ್ಲ.